ಅಕ್ಷರ ಕುಣಿಯಬೇಕಾ, ನಿಲ್ಲಬೇಕಾ? ವಿಡಿಯೊದ ಭಾವಕ್ಕೆ ಹೊಂದುವ ಚಲನೆ ಆರಿಸುವ ಬಗೆ

"ನೀನು ಬರಲೇ ಇಲ್ಲ." ಇಷ್ಟೇ ಸಾಲು, ಕಪ್ಪು ತೆರೆ ಮೇಲೆ ಬಿಳಿ ಅಕ್ಷರ. ಎರಡು ಸೆಕೆಂಡು ತೆಗೆದುಕೊಂಡು ಮೆಲ್ಲಗೆ ಮೂಡಿದರೆ ಅದು ನೋವಿನ ಮಾತು. ಮೂರೇ ಫ್ರೇಮಿನಲ್ಲಿ ದೊಡ್ಡದಾಗಿ ಬಂದು ತೆರೆಗೆ ಬಡಿದರೆ ಜಗಳ. ಒಂದೊಂದೇ ಪದ ಪುಟಿಯುತ್ತಾ ಬಂದರೆ ಗೆಳೆಯನನ್ನು ರೇಗಿಸುವ ಮಾತು. ಅಕ್ಷರಗಳು ಸಣ್ಣಗೆ ನಡುಗುತ್ತಿದ್ದರೆ, ಹೇಳುತ್ತಿರುವವರಿಗೇ ಏನೋ ಭಯ ಇದೆ ಅನ್ನಿಸುತ್ತದೆ. ಪದ ಅದೇ, ಫಾಂಟ್ ಅದೇ, ಬಣ್ಣ ಅದೇ. ಬದಲಾದದ್ದು ಅಕ್ಷರ ಬಂದ ರೀತಿ ಒಂದೇ.

ಕೈನೆಟಿಕ್ ಟೈಪೋಗ್ರಫಿ ಅನ್ನುವುದು ಇದನ್ನೇ. ಯಾವ ಎಡಿಟಿಂಗ್ ಆಪ್ ತೆರೆದರೂ ಟೆಕ್ಸ್ಟ್ ಎಫೆಕ್ಟ್‌ಗಳ ರಾಶಿ ಇರುತ್ತದೆ. ಹೆಸರುಗಳು ಬೇರೆ ಬೇರೆ, ಆದರೆ ಒಳಗಿರುವ ಚಲನೆಗಳು ಕೆಲವೇ: ಮೂಡುವುದು, ದಿಢೀರನೆ ಬರುವುದು, ಬಡಿಯುವುದು, ಪುಟಿಯುವುದು, ಸರಿಯುವುದು, ಟೈಪ್ ಆಗುವುದು, ಕೈಯಲ್ಲಿ ಬರೆದಂತೆ ಬೆಳೆಯುವುದು, ನಡುಗುವುದು, ಉಸಿರಾಡುವುದು. ಇವುಗಳಲ್ಲಿ ನಿಮ್ಮ ಸಾಲಿಗೆ ಯಾವುದು ಸರಿ ಅನ್ನುವುದೇ ಪ್ರಶ್ನೆ.

ಆರಿಸುವ ಮೊದಲು ಒಂದು ಕೆಲಸ ಮಾಡಿ. ಆ ಸಾಲನ್ನು ಬಾಯಿಬಿಟ್ಟು ಹೇಳಿ. ನಾಚಿಕೊಳ್ಳದೆ, ಆ ಪಾತ್ರವೇ ಹೇಳುವಂತೆ ಹೇಳಿ. ಎಲ್ಲಿ ದನಿ ಏರಿತು, ಎಲ್ಲಿ ತಡೆದಿರಿ, ಯಾವ ಪದವನ್ನು ಎಳೆದಿರಿ ಅಂತ ಗಮನಿಸಿ. ತೆರೆಯ ಮೇಲೆ ಅಕ್ಷರಕ್ಕೆ ದನಿ ಇಲ್ಲ, ಚಲನೆಯೇ ಆ ದನಿ. "ದುಃಖಕ್ಕೆ ಫೇಡ್ (ಮೆಲ್ಲಗೆ ಮೂಡುವುದು), ಖುಷಿಗೆ ಬೌನ್ಸ್ (ಪುಟಿಯುವುದು)" ಅಂತ ಪಟ್ಟಿ ಇಟ್ಟುಕೊಂಡು ಕೂತರೆ ನಿಮ್ಮ ವಿಡಿಯೊ ಬೇರೆ ಎಲ್ಲರ ವಿಡಿಯೊದಂತೆಯೇ ಆಗುತ್ತದೆ. ದುಃಖದಲ್ಲಿ ಚೀರುವವರೂ ಇದ್ದಾರೆ, ಮಾತೇ ಹೊರಡದವರೂ ಇದ್ದಾರೆ ಅಲ್ವಾ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಯಿಂದಲೇ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ದನಿಯ ಗಟ್ಟಿತನವನ್ನು ಅಕ್ಷರದ ಗಾತ್ರದಲ್ಲಿ, ಏರಿಳಿತವನ್ನು ಮೇಲೆ ಕೆಳಗೆ ಸರಿಯುವುದರಲ್ಲಿ, ಮಾತಿನ ವೇಗವನ್ನು ಪದ ತೆರೆಯ ಮೇಲೆ ಇರುವ ಹೊತ್ತಿನಲ್ಲಿ ತೋರಿಸುವ ದಾರಿ ಅದು. ಇವತ್ತಿಗೂ ಇದಕ್ಕಿಂತ ನಂಬಬಹುದಾದ ದಾರಿ ನನಗೆ ಕಂಡಿಲ್ಲ.

ಮುಂದೆ ಬರುವ ಫ್ರೇಮ್ ಲೆಕ್ಕವೆಲ್ಲ ಸೆಕೆಂಡಿಗೆ 25 ಫ್ರೇಮ್ (ಒಂದರ ಹಿಂದೊಂದು ಬರುವ ಬಿಡಿ ಚಿತ್ರ) ಇರುವ ವಿಡಿಯೊಗೆ. ಅಂದರೆ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್.

ಎಫೆಕ್ಟ್‌ಗಿಂತ ಮೊದಲು ಈಸಿಂಗ್

ಹೊಸಬರು ಎಫೆಕ್ಟ್ ಆರಿಸಲು ಅರ್ಧ ದಿನ ಕಳೆಯುತ್ತಾರೆ, ಈಸಿಂಗ್, ಅಂದರೆ ಚಲನೆಯ ವೇಗ ಶುರುವಿನಿಂದ ಕೊನೆಯವರೆಗೆ ಹೇಗೆ ಬದಲಾಗುತ್ತದೆ ಅನ್ನುವುದರ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಭಾವ ಇರುವುದು ಅಲ್ಲೇ. ಒಂದೇ ಸಾಲು ಎಡದಿಂದ ಬಲಕ್ಕೆ ಒಂದೇ ಸೆಕೆಂಡಿನಲ್ಲಿ ಸರಿಯಿತು ಅಂದುಕೊಳ್ಳಿ. ಶುರುವಿನಿಂದ ಕೊನೆಯವರೆಗೆ ಒಂದೇ ವೇಗ ಇದ್ದರೆ ಅದು ಲೀನಿಯರ್. ನೋಡಲು ಯಂತ್ರದ ಹಾಗೆ, ಯಾರಿಗೂ ಸೇರದ ಹಾಗೆ ಇರುತ್ತದೆ. ವೇಗವಾಗಿ ಬಂದು ಕೊನೆಯಲ್ಲಿ ನಿಧಾನವಾಗಿ ನೆಲೆಯಾದರೆ ಅದು ಈಸ್ ಔಟ್. ಅದರಲ್ಲಿ ಭರವಸೆ ಇದೆ, ಸ್ನೇಹ ಇದೆ, "ಬಂದೆ, ಕೂತೆ" ಅನ್ನುವ ನೆಮ್ಮದಿ ಇದೆ. ನಿಧಾನವಾಗಿ ಹೊರಟು ಕೊನೆಗೆ ರಭಸವಾದರೆ ಈಸ್ ಇನ್. ಅದು ಹೊರಡುವ ಮಾತಿಗೆ ಚೆನ್ನ, ಬಡಿಯುವ ಮಾತಿಗೂ ಚೆನ್ನ. ಗುರಿ ದಾಟಿ ಹೋಗಿ ವಾಪಸ್ ಬಂದರೆ ಓವರ್‌ಶೂಟ್, ತುಂಟತನ.

ಲೀನಿಯರ್ ಕೆಟ್ಟದ್ದು ಅಂತ ತುಂಬ ಕಡೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಹಳ ನಿಧಾನವಾಗಿ, ಒಂದೇ ವೇಗದಲ್ಲಿ, ಐದಾರು ಸೆಕೆಂಡು ಸರಿಯುತ್ತಲೇ ಇರುವ ಸಾಲಿನಲ್ಲಿ ಒಂದು ಬಗೆಯ ತಣ್ಣನೆಯ ಆತಂಕ ಇರುತ್ತದೆ. ಅದು ನಿಲ್ಲುತ್ತದೆ ಅನ್ನುವ ಸುಳಿವೇ ಸಿಗುವುದಿಲ್ಲ. ಅಪರಾಧದ ಕಥೆಗೆ, ಕಾಣೆಯಾದವರ ಕುರಿತ ಸಾಕ್ಷ್ಯಚಿತ್ರಕ್ಕೆ ಇದು ತುಂಬ ಹೊಂದುತ್ತದೆ.

ಅಡೋಬಿಯ ಅನಿಮೇಶನ್ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್ ಬಳಸುವವರು ಎಫ್9 ಒತ್ತಿ ಈಸಿ ಈಸ್ ಕೊಟ್ಟು ಮುಂದೆ ಹೋಗಿಬಿಡುತ್ತಾರೆ. ಅದು ಶುರುವಿನಲ್ಲೂ ಕೊನೆಯಲ್ಲೂ ಸರಿಸಮ, ಎರಡೂ ಕಡೆ ಇನ್‌ಫ್ಲುಯೆನ್ಸ್ (ವೇಗ ಎಷ್ಟು ಹೊತ್ತು ಮೆಲ್ಲಗೆ ಬದಲಾಗಬೇಕು ಅನ್ನುವ ಅಂಕಿ) ಶೇಕಡಾ 33ರ ಆಸುಪಾಸು. ಕೆಟ್ಟದ್ದಲ್ಲ, ಆದರೆ ಯಾವ ಭಾವವೂ ಇಲ್ಲ. ವೇಗದ ಗೆರೆ ತೋರಿಸುವ ಗ್ರಾಫ್ ಎಡಿಟರ್ ತೆರೆದು ಕೊನೆಯ ಕೀಫ್ರೇಮಿನ (ಚಲನೆ ಶುರುವಾಗುವ, ಮುಗಿಯುವ ಜಾಗದ ಗುರುತು) ಹಿಡಿಯನ್ನು 70, 80ರವರೆಗೆ ಎಳೆದು ನೋಡಿ. ಅದೇ ಸಾಲು ಒಂದು ಸಲಕ್ಕೆ ಜೀವ ಪಡೆಯುತ್ತದೆ. ಫೋನ್ ಆಪ್‌ಗಳಲ್ಲೂ ಕೀಫ್ರೇಮ್ ಇದ್ದರೆ ಸಾಮಾನ್ಯವಾಗಿ ಕರ್ವ್ ಆಯ್ಕೆ ಇರುತ್ತದೆ, ಹುಡುಕಿ.

ಮೆಲ್ಲಗೆ ಮೂಡುವುದಾ, ದಿಢೀರನೆ ಬರುವುದಾ

ಫೇಡ್ ಎಲ್ಲರಿಗೂ ಗೊತ್ತು. 10, 12 ಫ್ರೇಮಿನ ಫೇಡ್‌ನಲ್ಲಿ ಭಾವ ಇಲ್ಲ, ಬರೀ ಸಭ್ಯತೆ. ಕಣ್ಣಿಗೆ ಚುಚ್ಚದಂತೆ ಬಂತು, ಅಷ್ಟೇ. ಭಾವ ಬೇಕು ಅಂದರೆ 30ರಿಂದ 50 ಫ್ರೇಮ್ ಕೊಡಬೇಕು. ಆದರೆ ಇಲ್ಲೊಂದು ತೊಡಕಿದೆ. ಮೂರು ಪದದ ಸಾಲು ಅರ್ಧ ಮೂಡುವಷ್ಟರಲ್ಲೇ ನೋಡುವವರು ಓದಿ ಮುಗಿಸಿರುತ್ತಾರೆ. ಉಳಿದ ಒಂದು ಸೆಕೆಂಡು ಅವರು ಸುಮ್ನೆ ಕಾಯುತ್ತಾರೆ. ಅದು ದುಃಖ ಅಲ್ಲ, ಬೇಜಾರು.

ಇದಕ್ಕೆ ಉಪಾಯ ಅಂದರೆ ಇಡೀ ಸಾಲನ್ನು ನಿಧಾನ ಮಾಡುವುದಲ್ಲ, ಪದಗಳ ನಡುವೆ ಜಾಗ ಕೊಡುವುದು. "ನೀನು" 12 ಫ್ರೇಮಿನಲ್ಲಿ ಮೂಡಲಿ. 8 ಫ್ರೇಮ್ ಬಿಟ್ಟು "ಬರಲೇ" ಬರಲಿ. ಆಮೇಲೆ 25 ಫ್ರೇಮ್ ಏನೂ ಆಗದೆ ಹಾಗೇ ಇರಲಿ, ಪೂರ್ತಿ ಒಂದು ಸೆಕೆಂಡು. ಆಮೇಲೆ "ಇಲ್ಲ". ಈಗ ಆ ಕೊನೆಯ ಪದಕ್ಕೆ ತೂಕ ಬಂತು. ನೋಡುವವರಿಗೆ ಆ ಪದ ಏನು ಅಂತ ಮೊದಲೇ ಗೊತ್ತು, ಆದರೂ ಕಾದರು. ದನಿಯಲ್ಲಿ ಹೇಳಿದ್ದರೂ ಅಲ್ಲೇ ಗಂಟಲು ಕಟ್ಟುತ್ತಿತ್ತು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ನೀನು" ಪದವನ್ನು ಮೊದಲು ಮಾಯ ಮಾಡಿ, "ಬರಲೇ ಇಲ್ಲ" ಮಾತ್ರ ಸ್ವಲ್ಪ ಹೊತ್ತು ಉಳಿಸಿ. ಬರುವ ರೀತಿಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಹೋಗುವ ರೀತಿಯನ್ನು ಯಾರೂ ನೋಡುವುದಿಲ್ಲ. ಅಗಲಿಕೆಯ ಭಾವಕ್ಕೆ ಹೋಗುವ ರೀತಿಯೇ ಮುಖ್ಯ.

ಫೇಡ್ ಜೊತೆಗೆ ಸ್ವಲ್ಪ ಬ್ಲರ್ ಸೇರಿಸಿದರೆ ನೆನಪಿನ, ಕನಸಿನ ಛಾಯೆ ಬರುತ್ತದೆ. ಇದನ್ನು ವಿಡಿಯೊದಲ್ಲಿ ಒಂದು ಕಡೆ ಮಾತ್ರ ಬಳಸಿ. ಎಲ್ಲ ಸಾಲಿಗೂ ಬ್ಲರ್ ಕೊಟ್ಟರೆ ಕಣ್ಣಿಗೆ ಆಯಾಸ.

ಇನ್ನು ಕಟ್. ಯಾವ ಚಲನೆಯೂ ಇಲ್ಲ, ಒಂದು ಫ್ರೇಮಿನಲ್ಲಿ ಇಲ್ಲ, ಮುಂದಿನ ಫ್ರೇಮಿನಲ್ಲಿ ಇದೆ. ಮಾಡಲು ಒಂದು ನಿಮಿಷವೂ ಬೇಡ, ಅದಕ್ಕೇ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತಿ ಗಟ್ಟಿ ಆಯ್ಕೆ ಇದು. ಸತ್ಯ ಸಂಗತಿ ಹೇಳುವಾಗ, ಸಾವಿನ ಸಂಖ್ಯೆ ತೋರಿಸುವಾಗ, ಆಘಾತದ ಸುದ್ದಿ ಕೊಡುವಾಗ ಅಕ್ಷರ ಕುಣಿಯಬಾರದು, ಮೂಡಲೂ ಬಾರದು. ಸುಮ್ಮನೆ ಇರಬೇಕು. ಶಬ್ದವನ್ನೂ ಅದೇ ಫ್ರೇಮಿನಲ್ಲಿ ನಿಲ್ಲಿಸಿದರೆ ಪರಿಣಾಮ ಇನ್ನೂ ಜಾಸ್ತಿ.

ಎರಡರಲ್ಲಿ ಯಾವುದು ಅಂತ ಗೊಂದಲ ಆದರೆ ಹೀಗೆ ಕೇಳಿಕೊಳ್ಳಿ: ಈ ಮಾತು ಹೇಳುವವರ ಒಳಗಿಂದ ಬರುತ್ತಿದೆಯಾ, ಹೊರಗಿನಿಂದ ಅವರ ಮೇಲೆ ಬಿದ್ದಿದೆಯಾ? ಒಳಗಿಂದ ಬಂದರೆ ಫೇಡ್. ಹೊರಗಿನಿಂದ ಬಿದ್ದರೆ ಕಟ್.

ಬಡಿಯುವುದಾ, ಪುಟಿಯುವುದಾ

ಎರಡರಲ್ಲೂ ಅಕ್ಷರದ ಗಾತ್ರ ಬದಲಾಗುತ್ತದೆ, ಆದರೆ ಒಂದರಲ್ಲಿ ತೂಕ ಇದೆ, ಇನ್ನೊಂದರಲ್ಲಿ ಇಲ್ಲ. ಬಡಿಯುವ ಚಲನೆಯಲ್ಲಿ ಪದ ಶೇಕಡಾ 300 ಗಾತ್ರದಿಂದ 100ಕ್ಕೆ ಮೂರು ನಾಲ್ಕು ಫ್ರೇಮಿನಲ್ಲಿ ಇಳಿಯುತ್ತದೆ, ಕೊನೆಯಲ್ಲಿ ವೇಗ ಕಮ್ಮಿ ಆಗುವುದಿಲ್ಲ, ಗಕ್ಕನೆ ನಿಲ್ಲುತ್ತದೆ. ನಿಂತ ಮೇಲೆ ಇಡೀ ಚೌಕಟ್ಟು ಎರಡು ಮೂರು ಫ್ರೇಮ್ ಅಲುಗಿದರೆ ಸಾಕು, ನಾಲ್ಕೈದು ಪಿಕ್ಸೆಲ್ ಅಷ್ಟೇ. ಆ ಅಲುಗಾಟವೇ ಪದಕ್ಕೆ ಭಾರ ಕೊಡುವುದು. ಅದಿಲ್ಲದಿದ್ದರೆ ಎಷ್ಟೇ ದೊಡ್ಡ ಅಕ್ಷರ ಆದರೂ ಹಗುರ. ಸಿಟ್ಟು, ಸವಾಲು, ಘೋಷಣೆ, ಟ್ರೇಲರ್, ಕ್ರೀಡೆ: ಇವಕ್ಕೆಲ್ಲ ಇದು.

ಪುಟಿಯುವ ಚಲನೆಯಲ್ಲಿ ಪದ ಸೊನ್ನೆಯಿಂದ 110ಕ್ಕೆ ಹೋಗಿ 100ಕ್ಕೆ ಬರುತ್ತದೆ, 10ರಿಂದ 14 ಫ್ರೇಮ್. ಹಿಗ್ಗಿ ಕುಗ್ಗುವ ಗುಣ ಸ್ವಲ್ಪ ಸೇರಿಸಿದರೆ ಅಕ್ಷರ ರಬ್ಬರಿನದ್ದು ಅನ್ನಿಸುತ್ತದೆ. ಡಿಸ್ನಿ ಅನಿಮೇಟರ್‌ಗಳಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ ಅನಿಮೇಶನ್ನಿನ 12 ಸೂತ್ರಗಳಲ್ಲಿ ಮೊದಲನೆಯದೇ ಈ ಹಿಗ್ಗು ಕುಗ್ಗು. ವಸ್ತು ಮೆತ್ತಗಿದೆಯೋ ಗಟ್ಟಿಯಿದೆಯೋ ಅಂತ ಹೇಳುವುದು ಅದೇ. ಬಡಿಯುವ ಪದಕ್ಕೆ ಹಿಗ್ಗು ಕುಗ್ಗು ಬೇಡ, ಪುಟಿಯುವ ಪದಕ್ಕೆ ಬೇಕು. ಆದರೆ ಪುಟಿತ ಒಂದೇ ಸಲ ಇರಲಿ. ಮೂರು ಸಲ ಪುಟಿದರೆ ಮಕ್ಕಳ ಕಾರ್ಯಕ್ರಮ ಆಗಿಬಿಡುತ್ತದೆ, ಮಕ್ಕಳಿಗಾಗಿಯೇ ಮಾಡುತ್ತಿದ್ದರೆ ಪರವಾಗಿಲ್ಲ.

ಕ್ಷಮೆ ಕೇಳುವ ವಿಡಿಯೊ, ಶ್ರದ್ಧಾಂಜಲಿ, ಕಾಯಿಲೆಯ ಮಾಹಿತಿ, ಇವುಗಳಲ್ಲಿ ಪುಟಿಯುವ ಅಕ್ಷರ ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ, ಆಪ್ ತಾನಾಗಿ ಹಾಕಿದ ಕ್ಯಾಪ್ಶನ್ ಸ್ಟೈಲ್ ಹಾಗೇ ಉಳಿದಿರುತ್ತದೆ. ಆದರೆ ನೋಡುವವರಿಗೆ ಅದೆಲ್ಲ ಗೊತ್ತಾಗುವುದಿಲ್ಲ, ಇವರಿಗೆ ಇದು ಅಷ್ಟೇನೂ ದೊಡ್ಡ ವಿಷಯ ಅಲ್ಲ ಅಂತಲೇ ಅವರು ಅಂದುಕೊಳ್ಳುತ್ತಾರೆ.

ಸರಿಯುವ ಅಕ್ಷರ: ದಿಕ್ಕು ಮುಖ್ಯ

ಕೆಳಗಿಂದ ಮೇಲೆ ಬಂದರೆ ಎದ್ದ ಹಾಗೆ, ಚಿಗುರಿದ ಹಾಗೆ. ಮೇಲಿಂದ ಕೆಳಗೆ ಬಂದರೆ ಹೇರಿದ ಹಾಗೆ. ಪಕ್ಕದಿಂದ ಬಂದರೆ ಹಾದುಹೋಗುವ ಹಾಗೆ. ಎಡದಿಂದ ಬಲಕ್ಕೆ ಓದುವ ಲಿಪಿಗೆ ಬಲದಿಂದ ಬರುವ ಸಾಲು ಸುಲಭ, ಮೊದಲ ಅಕ್ಷರವೇ ಮೊದಲು ಕಾಣುತ್ತದೆ. ಟಿವಿಯ ಸುದ್ದಿಪಟ್ಟಿ ಹಾಗೆ ಓಡುವುದು ಅದಕ್ಕೇ. ಎಡದಿಂದ ಬಂದರೆ ಸಾಲಿನ ಬಾಲ ಮೊದಲು ಕಾಣುತ್ತದೆ, ನಿಲ್ಲುವವರೆಗೂ ಓದಲಾಗುವುದಿಲ್ಲ. ಇಕ್ಕಟ್ಟಿನ, ಗಲಿಬಿಲಿಯ ಭಾವ ಬೇಕಿದ್ದರೆ ಇದನ್ನೇ ಬೇಕಂತ ಬಳಸಬಹುದು.

ಕಾಣದ ಗೆರೆಯ ಹಿಂದಿನಿಂದ ಅಕ್ಷರ ಮೇಲೇಳುವ ಮಾಸ್ಕ್ ರಿವೀಲ್ ಈಗ ಎಲ್ಲ ಕಡೆ ಇದೆ. ಅಚ್ಚುಕಟ್ಟು, ನಂಬಿಕೆ ಹುಟ್ಟಿಸುತ್ತದೆ, ಆದರೆ ಮನಸ್ಸು ತಟ್ಟುವುದಿಲ್ಲ. ಕಂಪನಿಯ ಪರಿಚಯಕ್ಕೆ, ಹೆಸರು ಹುದ್ದೆ ತೋರಿಸುವ ಪಟ್ಟಿಗೆ ಸಾಕು.

ದಿಕ್ಕಿನಿಂದಲೇ ಭಾವ ಕಟ್ಟಿದ ಹಳೆಯ ಉದಾಹರಣೆ ಬೇಕಿದ್ದರೆ ಅಮೆರಿಕದ ಗ್ರಾಫಿಕ್ ಡಿಸೈನರ್ ಸಾಲ್ ಬಾಸ್ ಸಿನಿಮಾಗಳಿಗೆ ಮಾಡಿದ ಟೈಟಲ್‌ಗಳನ್ನು ನೋಡಿ. 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್'ನಲ್ಲಿ ಹೆಸರುಗಳು ಓರೆ ಗೆರೆಗಳನ್ನು ಹಿಡಿದು ಸರಿಯುತ್ತವೆ, ಆಮೇಲೆ ಆ ಗೆರೆಗಳೇ ಕಟ್ಟಡವೊಂದರ ಮುಖವಾಗುತ್ತವೆ. 1960ರ 'ಸೈಕೊ'ದಲ್ಲಿ ಪಟ್ಟಿಗಳು ತೆರೆಯನ್ನು ಹಾಯುತ್ತಾ ಹೆಸರುಗಳನ್ನೇ ಸೀಳುತ್ತವೆ. ಕಥೆ ಶುರುವಾಗುವ ಮೊದಲೇ ಮನಸ್ಸು ಅಸ್ಥಿರ ಆಗಿರುತ್ತದೆ. ಬಳಸಿದ್ದು ಗೆರೆ, ಅಕ್ಷರ, ಸಂಗೀತ ಇಷ್ಟೇ.

ಟೈಪ್ ಆಗುವುದಾ, ಕೈಬರಹವಾ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಮಾಡುವವರು ಜಾಸ್ತಿ ಒದ್ದಾಡುವುದು ಇಲ್ಲೇ.

ಟೈಪ್‌ರೈಟರ್ ಎಫೆಕ್ಟ್ ಅಂದರೆ ಅಕ್ಷರಗಳು ಒಂದೊಂದೇ ಬರುವುದು. ಅದರ ಭಾವ ಏನು ಅಂದರೆ "ಈಗ, ಈ ಕ್ಷಣ ಯಾರೋ ಬರೆಯುತ್ತಿದ್ದಾರೆ". ತನಿಖೆಯ ಟಿಪ್ಪಣಿ, ದಿನಾಂಕ ಮತ್ತು ಜಾಗದ ಹೆಸರು, ಚಾಟ್ ಸಂದೇಶ, ಎಲ್ಲದಕ್ಕೂ ಹೊಂದುತ್ತದೆ. ಆದರೆ ಇದರ ನಿಜವಾದ ಶಕ್ತಿ ಟೈಪ್ ಆಗುವುದರಲ್ಲಿ ಇಲ್ಲ, ತಡೆಯುವುದರಲ್ಲಿ ಮತ್ತು ಅಳಿಸುವುದರಲ್ಲಿ ಇದೆ. "ನಾನು ಚೆನ್ನಾಗಿದ್ದೇನೆ" ಅಂತ ಟೈಪ್ ಆಗುತ್ತದೆ. ಕರ್ಸರ್ ಮಿನುಗುತ್ತದೆ, ಒಂದು ಸಲ, ಎರಡು ಸಲ. ಆಮೇಲೆ "ಚೆನ್ನಾಗಿದ್ದೇನೆ" ಅಳಿಸಿಹೋಗುತ್ತದೆ, "ನಾನು" ಮಾತ್ರ ಉಳಿಯುತ್ತದೆ. ಮತ್ತೆ ಕರ್ಸರ್ ಮಿನುಗುತ್ತದೆ. ಇನ್ನೇನೂ ತೋರಿಸಬೇಕಿಲ್ಲ, ಆ ವ್ಯಕ್ತಿ ಹೇಗಿದ್ದಾರೆ ಅಂತ ಎಲ್ಲರಿಗೂ ಗೊತ್ತಾಯಿತು. ಇಂಥದ್ದನ್ನು ಫೇಡ್‌ನಿಂದ ಮಾಡಲಾಗದು.

ಈಗ ಸಮಸ್ಯೆಗೆ ಬರೋಣ. "ಕಣ್ಣೀರು" ಪದ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ: ಕ, ಣ್ಣೀ, ರು. ಕಂಪ್ಯೂಟರಿಗೆ ಯೂನಿಕೋಡ್‌ನಲ್ಲಿ ಏಳು: ಕ, ಣ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಮತ್ತೆ ಣ, ಈಕಾರದ ಗುರುತು, ರ, ಉಕಾರದ ಗುರುತು. ಟೈಪ್‌ರೈಟರ್ ಪ್ರಿಸೆಟ್ (ಆಪ್‌ನಲ್ಲಿ ಸಿದ್ಧವಾಗಿರುವ ಎಫೆಕ್ಟ್) ಈ ಏಳನ್ನೂ ಒಂದೊಂದಾಗಿ ಬಿಟ್ಟರೆ ತೆರೆಯ ಮೇಲೆ ಮೊದಲು "ಕಣ", ಆಮೇಲೆ "ಕಣ್", ಆಮೇಲೆ "ಕಣ್ಣ", "ಕಣ್ಣೀ" ಹೀಗೆ ಕುಪ್ಪಳಿಸುತ್ತಾ ಬರುತ್ತದೆ. ಚಾಟ್ ದೃಶ್ಯಕ್ಕೆ ಇದು ಸರಿಯೇ, ನಾವು ಟೈಪ್ ಮಾಡುವಾಗಲೂ ಹೀಗೇ ಆಗುತ್ತದೆ. ಆದರೆ ಕವಿತೆಗೆ, ಶೋಕದ ಸಾಲಿಗೆ ಈ ಕುಪ್ಪಳಿಕೆ ಅಸಹ್ಯ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದಕ್ಕಿಂತ ಕೆಟ್ಟದಾಗುತ್ತದೆ: ಒತ್ತು ಕೆಳಗೆ ಕೂರುವುದೇ ಇಲ್ಲ, ಗುರುತುಗಳು ಅಕ್ಷರದಿಂದ ಬೇರ್ಪಟ್ಟು ಎಲ್ಲೋ ತೇಲುತ್ತವೆ.

ಮೊದಲು ನೋಡಬೇಕಾದ್ದು ಸೆಟ್ಟಿಂಗ್. ಆಫ್ಟರ್ ಎಫೆಕ್ಟ್ಸ್ ಮತ್ತು ಅಡೋಬಿಯದೇ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಹಲವು ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗೆ ಟೆಕ್ಸ್ಟ್ ಎಂಜಿನ್ ಅಂತ ಇರುತ್ತದೆ, ಅದನ್ನು ಸೌತ್ ಏಶಿಯನ್ ಆಂಡ್ ಮಿಡಲ್ ಈಸ್ಟರ್ನ್ ಅಂತ ಬದಲಿಸಬೇಕು. ಹಳೆಯ ಆಸ್ಕಿ ಫಾಂಟ್‌ಗಳನ್ನು ಬಿಡಿ, ಅವುಗಳಲ್ಲಿ ಅಕ್ಷರದ ಒಂದೊಂದು ತುಂಡೂ ಬೇರೆ ಬೇರೆ ಅಕ್ಷರ ಅಂತಲೇ ಲೆಕ್ಕ, ಅನಿಮೇಟ್ ಮಾಡಿದ ಕೂಡಲೇ ಚೂರಾಗುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ಮೂರು ದಾರಿ ಇವೆ. ಅಕ್ಷರದ ಬದಲು ಪದವನ್ನು ಘಟಕ ಮಾಡಿ, ಟೆಕ್ಸ್ಟ್ ಅನಿಮೇಟರ್‌ನಲ್ಲಿ ಬೇಸ್ಡ್ ಆನ್ ಅನ್ನುವಲ್ಲಿ ವರ್ಡ್ಸ್ ಆರಿಸಿದರೆ ಆಯಿತು. ಅಥವಾ ಅಕ್ಷರವನ್ನು ಮುಚ್ಚಿಟ್ಟು ಸ್ವಲ್ಪ ಸ್ವಲ್ಪವೇ ತೋರಿಸುವ ಮಾಸ್ಕ್ ಒಂದನ್ನು ಎಡದಿಂದ ಬಲಕ್ಕೆ ಸರಿಸಿ, ಅಕ್ಷರಕ್ಕೆ ಕೈ ಹಚ್ಚುವುದೇ ಬೇಡ. ಅಕ್ಷರ ಅಕ್ಷರವೇ ಬೇಕು ಅಂದರೆ ಕ, ಣ್ಣೀ, ರು ಮೂರನ್ನೂ ಬೇರೆ ಬೇರೆ ಲೇಯರ್ ಮಾಡಿ ಕೈಯಾರೆ ಜೋಡಿಸಿ. ಶ್ರಮ ಇದೆ. ಆದರೆ ಶೀರ್ಷಿಕೆಯಲ್ಲಿ ಎರಡು ಮೂರು ಪದ ಇರುತ್ತದಲ್ಲ, ಅದಕ್ಕೆ ಅಷ್ಟು ಮಾಡಬಹುದು.

ಕೈಬರಹದ ಚಲನೆ ಬೇರೆಯೇ ಲೋಕ. ಗೆರೆ ತಾನಾಗಿ ಬೆಳೆಯುತ್ತಾ ಅಕ್ಷರವಾಗುತ್ತದೆ. ಟೈಪ್‌ರೈಟರ್‌ನಲ್ಲಿ ಯಂತ್ರ ಇದೆ, ಇಲ್ಲಿ ಕೈ ಇದೆ, ಅಂದರೆ ಒಬ್ಬ ಮನುಷ್ಯ ಇದ್ದಾರೆ. ಪತ್ರ, ನೆನಪು, ಮದುವೆಯ ಆಹ್ವಾನ, ಕವಿತೆಯ ಹೆಸರು, ಎಲ್ಲಿ ಆಪ್ತತೆ ಬೇಕೋ ಅಲ್ಲಿ. ಕನ್ನಡದ ದುಂಡು ಅಕ್ಷರಗಳಿಗೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ಸಮಯ ಇದ್ದರೆ ನಾನು ಯಾವಾಗಲೂ ಇದನ್ನೇ ಆರಿಸುತ್ತೇನೆ. ಅಕ್ಷರದ ಮೇಲೆ ಪೆನ್ ಟೂಲ್‌ನಿಂದ ಗೆರೆ ಎಳೆದು, ಆ ಗೆರೆ ಬೆಳೆಯುವಂತೆ ಮಾಡಿ, ಅದನ್ನೇ ಅಕ್ಷರಕ್ಕೆ ಮ್ಯಾಟ್ ಮಾಡುವುದು, ಅಂದರೆ ಗೆರೆ ಬೆಳೆದಷ್ಟೇ ಅಕ್ಷರ ಕಾಣುವಂತೆ ಮಾಡುವುದು ವಿಧಾನ. ಎರಡು ವಿಷಯ ನೆನಪಿರಲಿ. ಗೆರೆ ನಾವು ಬರೆಯುವ ಕ್ರಮದಲ್ಲೇ ಬೆಳೆಯಬೇಕು, ಒತ್ತು ಅಕ್ಷರದ ನಂತರ ಬರಬೇಕು. ಒತ್ತು ಮೊದಲು ಬಂದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ತಪ್ಪಿದೆ ಅನ್ನಿಸುತ್ತದೆ. ಇನ್ನೊಂದು, ವೇಗ ಒಂದೇ ಸಮ ಇರಬಾರದು. ಕೈ ತಿರುವಿನಲ್ಲಿ ನಿಧಾನ ಆಗುತ್ತದೆ, ನೇರ ಗೆರೆಯಲ್ಲಿ ಓಡುತ್ತದೆ, ಪದ ಮುಗಿದಾಗ ಒಂದು ಕ್ಷಣ ಎತ್ತಿ ಇಡುತ್ತದೆ. ಸಿಟ್ಟಿನಲ್ಲಿ ಬರೆದ ಪತ್ರಕ್ಕೂ ಹಿಂಜರಿಯುತ್ತಾ ಬರೆದ ಪತ್ರಕ್ಕೂ ಇರುವ ವ್ಯತ್ಯಾಸ ಅಕ್ಷರದ ಆಕಾರದಲ್ಲಿ ಕಮ್ಮಿ, ಈ ವೇಗದಲ್ಲಿ ಜಾಸ್ತಿ.

ನಡುಗುವುದಾ, ಉಸಿರಾಡುವುದಾ

ಅಕ್ಷರ ಬಂದಾಯಿತು. ಇನ್ನು ನಿಂತಿರುವಾಗ ಏನು ಮಾಡಬೇಕು? ಮೂರು ಆಯ್ಕೆ: ನಡುಗಬಹುದು, ಉಸಿರಾಡಬಹುದು, ಏನೂ ಮಾಡದೆ ಇರಬಹುದು.

ನಡುಕದಲ್ಲಿ ಎರಡು ಬಗೆ. ಭಯದ ನಡುಕ ಸಣ್ಣದು, ಎರಡು ಪಿಕ್ಸೆಲ್ ಒಳಗೆ, ಕ್ರಮ ಇಲ್ಲದ್ದು, ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ. ಸಿಟ್ಟಿನ ನಡುಕ ದೊಡ್ಡದು, ಇಡೀ ಪದ ಒಟ್ಟಿಗೆ, ಅರ್ಧ ಸೆಕೆಂಡಿನಲ್ಲಿ ಮುಗಿಯುವಂಥದ್ದು. ಎರಡನ್ನೂ ಅಕ್ಷರವನ್ನು ಅಡ್ಡಾದಿಡ್ಡಿ ಅಲುಗಿಸುವ ವಿಗಲ್‌ನಿಂದಲೇ ಮಾಡಬಹುದು, ಅಂಕಿ ಬೇರೆ ಅಷ್ಟೇ. ಇಡೀ ವಿಡಿಯೊ ನಡುಗುತ್ತಲೇ ಇದ್ದರೆ ಹತ್ತು ಸೆಕೆಂಡಿನಲ್ಲಿ ಕಣ್ಣು ಒಗ್ಗಿಹೋಗಿ ಅದು ಬರೀ ಅಲಂಕಾರ ಆಗುತ್ತದೆ. ಇನ್ನೊಂದು ದಾರಿ ಇದೆ: ಅಕ್ಷರದ ಚಲನೆಯನ್ನು ಸೆಕೆಂಡಿಗೆ 8 ಅಥವಾ 12 ಸಲ ಮಾತ್ರ ಬದಲಾಗುವಂತೆ ಮಾಡುವುದು. ಆಗ ಕೈಯಲ್ಲಿ ಚಿತ್ರ ಬಿಡಿಸಿ ಮಾಡಿದ ಹಾಗೆ, ಒರಟಾಗಿ ಕಾಣುತ್ತದೆ. 1995ರ 'ಸೆವೆನ್' ಚಿತ್ರಕ್ಕೆ ಕೈಲ್ ಕೂಪರ್ ಮಾಡಿದ ಟೈಟಲ್‌ನಲ್ಲಿ ಕೈಯಲ್ಲಿ ಗೀಚಿದ ಅಕ್ಷರಗಳು ನಡುಗುತ್ತಾ, ಜಿಗಿಯುತ್ತಾ ಬರುತ್ತವೆ. ಕಥೆಯೊಳಗಿನ ಮನುಷ್ಯನೇ ಅದನ್ನು ಬರೆದಿದ್ದಾನೆ ಅನ್ನಿಸಿ ಮೈ ಜುಮ್ಮೆನ್ನುತ್ತದೆ.

ಮಿನುಗಿಸುವುದಾದರೆ ಮಾತ್ರ ಎಚ್ಚರ. ವೆಬ್ ಪ್ರವೇಶಸಾಧ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿನುಗಿಸಬೇಡಿ ಅನ್ನುತ್ತದೆ. ಬೆಳಕಿನ ಮಿನುಗಿನಿಂದ ಫಿಟ್ಸ್ ಬರುವವರು ಇದ್ದಾರೆ. ಯಾವ ಭಾವಕ್ಕೂ ಆ ಅಪಾಯ ಬೇಡ.

ಉಸಿರಾಟ ಅಂದರೆ ನಾಲ್ಕೈದು ಸೆಕೆಂಡಿನಲ್ಲಿ ಗಾತ್ರ 100ರಿಂದ 102, 103ಕ್ಕೆ ಹೋಗುವುದು. ನೋಡುವವರಿಗೆ ಚಲನೆ ಅಂತ ಗೊತ್ತೇ ಆಗಬಾರದು. ಹಿನ್ನೆಲೆ ಸಂಗೀತ ಬೆಚ್ಚಗಿದ್ದರೆ ಇದೂ ಬೆಚ್ಚಗೆ, ಸಂಗೀತದಲ್ಲಿ ಆತಂಕ ಇದ್ದರೆ ಇದೂ ಹತ್ತಿರ ಹತ್ತಿರ ಬರುತ್ತಿರುವ ಹಾಗೆ. ತನ್ನದೇ ಭಾವ ಇಲ್ಲದ ಚಲನೆ ಇದು, ಪಕ್ಕದಲ್ಲಿರುವುದನ್ನು ಹಿಗ್ಗಿಸುತ್ತದೆ.

ಏನೂ ಮಾಡದೆ ಇರುವುದು ಮೂರನೆಯದು, ಹತ್ತರಲ್ಲಿ ಏಳು ಸಲ ಇದೇ ಸರಿ. ಭಾವ ತಟ್ಟುವುದು ಅಕ್ಷರ ನಿಂತ ಮೇಲೆ. ಚಲನೆ ಮುಗಿದ ಮೇಲೆ ಕನಿಷ್ಠ ಒಂದು ಸೆಕೆಂಡು ಕೊಡಿ.

ದಪ್ಪ, ತೆಳು, ಅಗಲ

ಇದು ಈಚಿನ ಆಯ್ಕೆ. 2016ರಲ್ಲಿ ಅಡೋಬಿ, ಆಪಲ್, ಗೂಗಲ್, ಮೈಕ್ರೋಸಾಫ್ಟ್ ಒಟ್ಟಾಗಿ ವೇರಿಯಬಲ್ ಫಾಂಟ್ ಅನ್ನುವ ವ್ಯವಸ್ಥೆ ಪ್ರಕಟಿಸಿದವು. ಒಂದೇ ಫಾಂಟ್ ಕಡತದಲ್ಲಿ ತೆಳುವಿನಿಂದ ದಪ್ಪದವರೆಗೆ ಎಲ್ಲ ಹಂತವೂ ಇರುತ್ತದೆ. ಕನ್ನಡದಲ್ಲಿ ಅನೇಕ್ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಬದಲಾಗುತ್ತದೆ. ಗಾತ್ರ ಬದಲಿಸದೆ ದಪ್ಪ ಮಾತ್ರ ಏರಿಸಿದರೆ ದನಿ ಏರಿಸದೆ ಒತ್ತಿ ಹೇಳಿದ ಹಾಗೆ ಆಗುತ್ತದೆ. ಹಲ್ಲು ಕಚ್ಚಿ ಹೇಳುವ ಮಾತಿಗೆ ಬಡಿಯುವ ಚಲನೆಗಿಂತ ಇದು ಎಷ್ಟೋ ಮೇಲು. ನಿಮ್ಮ ಎಡಿಟರ್ ಇದನ್ನು ಅನಿಮೇಟ್ ಮಾಡಲು ಬಿಡದಿದ್ದರೆ ತೆಳು, ಮಧ್ಯಮ, ದಪ್ಪ ಮೂರು ಲೇಯರ್ ಇಟ್ಟು ಒಂದರಿಂದ ಒಂದಕ್ಕೆ ಕಟ್ ಮಾಡಿ.

ಅಕ್ಷರಗಳ ನಡುವಿನ ಜಾಗ ನಿಧಾನವಾಗಿ ಹಿಗ್ಗುವ ಟ್ರೇಲರ್ ಶೈಲಿ ಮಾತ್ರ ಕನ್ನಡಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ನಮ್ಮ ಅಕ್ಷರಗಳು ಮೊದಲೇ ಅಗಲ, ಇನ್ನೂ ಬಿಡಿಸಿದರೆ ಪದ ಪದವಾಗಿ ಉಳಿಯುವುದಿಲ್ಲ. ಪದಗಳ ನಡುವಿನ ಜಾಗ ಹಿಗ್ಗಿಸಿ, ಅದೇ ಭಾವ ಬರುತ್ತದೆ.

ಒಂದೊಂದೇ ಪದವಾ, ಪೂರ್ತಿ ಸಾಲಾ

ಶಾರ್ಟ್ಸ್, ರೀಲ್ಸ್ ಬಂದ ಮೇಲೆ ತೆರೆಯ ನಡುವೆ ಒಂದೊಂದೇ ಪದ ಬಡಬಡನೆ ಬದಲಾಗುವುದು ಸಾಮಾನ್ಯ ಆಗಿದೆ. ಇದರಲ್ಲಿ ಹುರುಪು ಇದೆ, ಕಣ್ಣು ಬೇರೆ ಕಡೆ ಹೋಗದು. ರ‍್ಯಾಪ್, ಜಾಹೀರಾತು, ಹುರಿದುಂಬಿಸುವ ಮಾತಿಗೆ ಒಳ್ಳೆಯದು. ಆದರೆ ನೋಡುವವರಿಗೆ ತಮ್ಮ ವೇಗದಲ್ಲಿ ಓದುವ ಸ್ವಾತಂತ್ರ್ಯ ಇಲ್ಲ, ಹಿಂದಿನ ಪದ ನೋಡುವ ಅವಕಾಶ ಇಲ್ಲ. ಯೋಚಿಸಬೇಕಾದ ಮಾತಿಗೆ, ಕವಿತೆಗೆ ಇದು ಬೇಡವೇ ಬೇಡ.

ಕನ್ನಡಕ್ಕೆ ಇನ್ನೊಂದು ಕಷ್ಟ ಇದೆ. ಬಿಬಿಸಿ ಇಂಗ್ಲಿಷ್ ಸಬ್‌ಟೈಟಲ್‌ಗೆ ನಿಮಿಷಕ್ಕೆ 160ರಿಂದ 180 ಪದ ಅನ್ನುವ ಲೆಕ್ಕ ಇಟ್ಟುಕೊಂಡಿದೆ. ಅದನ್ನೇ ಕನ್ನಡಕ್ಕೆ ಹಾಕಿದರೆ ಯಾರೂ ಓದಲಾರರು. "ಹೋಗಬೇಕಾಗಿತ್ತಂತೆ" ಅನ್ನುವುದು ಲೆಕ್ಕಕ್ಕೆ ಒಂದೇ ಪದ, ಅರ್ಥದಲ್ಲಿ ಪೂರ್ತಿ ವಾಕ್ಯ. ಹಾಗಾಗಿ ಪದಗಳ ಲೆಕ್ಕ ಬಿಟ್ಟು, ಮನಸ್ಸಿನಲ್ಲೇ ಎರಡು ಸಲ ಓದಿ ಮುಗಿಯುವಷ್ಟು ಹೊತ್ತು ತೆರೆಯ ಮೇಲೆ ಇಡಿ.

ಹಾಡಿಗೆ ನನ್ನ ಆಯ್ಕೆ ಎರಡರ ನಡುವಿನದ್ದು: ಪೂರ್ತಿ ಸಾಲು ಮೊದಲೇ ಮಂಕಾಗಿ ಇರಲಿ, ಹಾಡಿದ ಹಾಗೆ ಪದಗಳು ಬೆಳಗಲಿ. ಸಾಲೂ ಉಳಿಯಿತು, ತಾಳವೂ ಉಳಿಯಿತು. ಪದ ಬೆಳಗುವುದು ದನಿಗಿಂತ ಒಂದೆರಡು ಫ್ರೇಮ್ ಮೊದಲೇ ಇರಲಿ. ತಡವಾದರೆ ಒಂದು ಫ್ರೇಮ್ ಆದರೂ ಹಿಂದೆ ಬಿದ್ದ ಹಾಗೆ ಕಾಣುತ್ತದೆ, ಮೊದಲಾದರೆ ಯಾರಿಗೂ ತಿಳಿಯುವುದಿಲ್ಲ.

ಹಾಗಾದರೆ ಯಾವುದು?

ಪಾಠ ಹೇಳುವ ವಿಡಿಯೊ ಆದರೆ ಕಟ್ ಅಥವಾ 8 ಫ್ರೇಮಿನ ಫೇಡ್, ಮುಖ್ಯ ಪದಕ್ಕೆ ಮಾತ್ರ ಒಂದು ಪುಟಿತ. ಸಾಕ್ಷ್ಯಚಿತ್ರಕ್ಕೆ ಕಟ್, ಜೊತೆಗೆ ಪತ್ರ ದಿನಚರಿ ಬಂದರೆ ಕೈಬರಹ. ಕವಿತೆಗೆ ಪದ ಪದವಾಗಿ ಮೂಡುವುದು, ಆದರೆ ಸಾಲು ಮುರಿಯುವ ಜಾಗ ಕವಿ ಮುರಿದ ಜಾಗವೇ ಆಗಿರಬೇಕು, ತೆರೆಯ ಅಗಲಕ್ಕೆ ತಕ್ಕಂತೆ ಅಲ್ಲ. ಶ್ರದ್ಧಾಂಜಲಿಗೆ ಹೆಸರು ಮೊದಲಿನಿಂದಲೇ ಇರಲಿ, ಬರುವುದೇ ಬೇಡ, ಕೊನೆಯಲ್ಲಿ ಎರಡು ಸೆಕೆಂಡು ತೆಗೆದುಕೊಂಡು ಮರೆಯಾಗಲಿ. ಜಾಹೀರಾತಿಗೆ ನಿಮ್ಮ ಮಾತಿನ ಧಾಟಿ ನೋಡಿ, ಸ್ನೇಹದ ಮಾತಾದರೆ ಈಸ್ ಔಟ್, ಸವಾಲಾದರೆ ಬಡಿತ. ಒಂದು ವಿಡಿಯೊಗೆ ಎರಡು ಬಗೆಯ ಚಲನೆ ಸಾಕು: ಒಂದು ಎಲ್ಲ ಸಾಲಿಗೂ, ಇನ್ನೊಂದು ಭಾವ ತಿರುಗುವ ಒಂದೇ ಜಾಗಕ್ಕೆ. ಎಲ್ಲ ಸಾಲು ಮೆಲ್ಲಗೆ ಮೂಡುತ್ತಾ ಬಂದು, ನಡುವೆ ಒಂದು ಸಾಲು ಮಾತ್ರ ಕಟ್ ಆಗಿ ಬಂದರೆ ಅದರ ಬಿಸಿ ಎಲ್ಲರಿಗೂ ತಟ್ಟುತ್ತದೆ.

ಪ್ರಿಸೆಟ್ ಬಳಸುವುದರಲ್ಲಿ ತಪ್ಪೇನಿಲ್ಲ. ಹಾಕಿದ ಮೇಲೆ ಮೂರು ಅಂಕಿ ಮಾತ್ರ ಬದಲಿಸಿ: ಎಷ್ಟು ಹೊತ್ತು, ಯಾವ ಈಸಿಂಗ್, ಎರಡು ಪದಗಳ ನಡುವೆ ಎಷ್ಟು ಬಿಡುವು. ಅಷ್ಟರಿಂದಲೇ ಅದು ನಿಮ್ಮದಾಗುತ್ತದೆ.

ಎಕ್ಸ್‌ಪೋರ್ಟ್ ಮಾಡಿ ಫೋನಿಗೆ ಕಳಿಸಿ, ಶಬ್ದ ಬಂದ್ ಮಾಡಿ ಒಮ್ಮೆ ನೋಡಿ. ತೆಳು ಅಕ್ಷರ ವೇಗವಾಗಿ ಚಲಿಸಿದ ಕಡೆ ಕಂಪ್ರೆಶನ್‌ನಿಂದ ಒಡೆದಿರುತ್ತದೆ, ಅಲ್ಲಿ ದಪ್ಪ ಮಾಡಿ ಅಥವಾ ನಿಧಾನ ಮಾಡಿ. 1080×1920 ಉದ್ದನೆ ವಿಡಿಯೊ ಆದರೆ ಕೆಳಗಿನ ಭಾಗ ಮತ್ತು ಬಲಗಡೆ ಆಪ್‌ನ ಬಟನ್ನುಗಳ ಹಿಂದೆ ಹೋಗುತ್ತದೆ, ಸಾಲನ್ನು ನಡುವಿಗೆ ಎತ್ತಿ. ಶಬ್ದ ಇಲ್ಲದೆಯೂ ಸಾಲಿನ ಧಾಟಿ ನಿಮಗೆ ಕೇಳಿಸಿತಾ? ಇಲ್ಲ ಅಂದರೆ ಎಫೆಕ್ಟ್ ಬದಲಿಸಬೇಡಿ, ಮೊದಲು ಪದಗಳ ನಡುವಿನ ಬಿಡುವು ಬದಲಿಸಿ ನೋಡಿ.